ಕಲ್ಲು ನಿಲ್ಲಿಸಿದವರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿಯಂತೂ ಈಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಹಾಗಾಗಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸೀಮೆಯ ಕೆರೆಬಿಳಚಿಯ ಸುತ್ತಮುತ್ತ ಹಿಂದೆ ಯಾರು ಯಾರ ಮೇಲೆ ಕತ್ತಿ ಎತ್ತಿದರು ಎಂದು ತಿಳಿಯಬೇಕಾದರೆ, ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಶಿವಮೊಗ್ಗದ ಶಾಸನ ಸಂಪುಟವನ್ನೇ ಇವತ್ತಿಗೂ ತೆರೆಯಬೇಕು. ಅದರಲ್ಲಿ ದೇಗುಲಕ್ಕೆ ಬಿಟ್ಟ ಗದ್ದೆ, ಕೆರೆಗೆ ಕೊಟ್ಟ ಮಾನ್ಯದ ಜೊತೆಗೆ ವೀರಗಲ್ಲುಗಳೂ ಇವೆ. ತುರು ಹಿಡಿದು ಹೊರಟವರನ್ನು ತಡೆದು ಸತ್ತವನು, ಊರಿಗೆ ದಾಳಿ ಬಂದಾಗ ಅಗಸೆಯಲ್ಲಿ ನಿಂತು ಸತ್ತವನು, ಒಡೆಯನ ಜೊತೆ ದಂಡಿಗೆ ಹೋಗಿ ಮರಳದವನು ಅಲ್ಲಿ ಕಲ್ಲಾಗಿ ನಿಂತಿದ್ದಾರೆ.

ಆ ಕಲ್ಲುಗಳ ಮೇಲಿನ ಕಾಳಗಗಳಲ್ಲಿ ಬಹುಪಾಲು ಹೊರದೇಶದವರ ಮೇಲಿನವಲ್ಲ. ಬನವಾಸಿಯ ಕದಂಬರು, ಉಚ್ಚಂಗಿಯ ಪಾಂಡ್ಯರು, ಸಾಂತರರು, ಸಿಂದರು, ಹೊಯ್ಸಳರು, ಕಳಚುರಿಗಳು ಕಾದಾಡಿದಾಗ ಎರಡೂ ಕಡೆ ಸತ್ತವರು ಕನ್ನಡ ಮಾತಾಡುವ ಒಕ್ಕಲು ಮಕ್ಕಳೇ. ಅರಸರ ವಂಶಾವಳಿಯನ್ನು ಬದಿಗಿಟ್ಟು ನೋಡಿದರೆ ಇದು ಶತಮಾನಗಳ ಕಾಲ ನಡೆದ ಮನೆಯೊಳಗಿನ ಯುದ್ಧ. ಇಂಥ ಯುದ್ಧ ಮುಗಿದ ಮೇಲೆ ಸತ್ತವರನ್ನು ನೆನೆಯುವ ಕೆಲಸ ಯಾರದು? ಲೋಕದ ಎಷ್ಟೋ ಕಡೆ ಅದು ಹೆಂಗಸರ ಪಾಲಿಗೆ ಬಂದಿದೆ. ಏಕೆ ಬಂತು, ಅವರು ಅದನ್ನು ಹೇಗೆ ಮಾಡಿದರು, ಅದರಿಂದ ಒಳ್ಳೆಯದೇನಾಯಿತು, ಕೆಟ್ಟದ್ದೇನಾಯಿತು ಎಂಬುದು ಈ ಲೇಖನದ ವಿಷಯ. ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನವರನ್ನು ನೆನೆಯುವ ಹೆಂಗಸು ಎದುರು ಸಾಲಿನಲ್ಲಿ ಸತ್ತವನಿಗೂ ಒಂದು ಹಿಡಿ ನೀರು ಬಿಟ್ಟಳೇ? ಬಿಡಲು ಅವಳಿಗೆ ಅವಕಾಶವಿತ್ತೇ? ನಾನು ಕೇಳುವುದು ಇಷ್ಟನ್ನೇ.

ವೀರಗಲ್ಲಿನ ಸಾಮಾನ್ಯ ಮಾದರಿ ಎಲ್ಲರೂ ಬಲ್ಲದ್ದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗವೋ ಜಿನನೋ ಇರುವ ದೇವಸನ್ನಿಧಿ. ಆದರೆ ಕಲ್ಲಿನ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ನೆತ್ತರುಕೊಡಗೆ ಎಂದು ಅದರ ಹೆಸರು. ಕನ್ನಡದ ಹಳೆಯ ಶಾಸನಗಳಲ್ಲೊಂದಾದ, ಸುಮಾರು 450ರ ಹಲ್ಮಿಡಿ ಶಾಸನ ಹೇಳುವುದು ಕೂಡ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ಬಾಳ್ಗಳ್ಚು ಎಂಬ ಭೂದಾನವನ್ನೇ. ಅಂದರೆ ಬರಹದ ಕನ್ನಡ ತನ್ನ ಮೊದಲ ದಿನಗಳಿಂದಲೇ ಯೋಧನ ಋಣವನ್ನು ಬರೆದಿಡುತ್ತಿದೆ. ಆ ಭೂಮಿಯನ್ನು ಉತ್ತು ಬಿತ್ತಿ ಮಕ್ಕಳನ್ನು ಸಾಕಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ಕಲ್ಲನ್ನು ಯಾರು ನಿಲ್ಲಿಸಿದರು ಎಂದು ಹೇಳುವ ಶಾಸನಗಳಲ್ಲಿ ಅಣ್ಣ, ತಮ್ಮ, ಮಗನ ಜೊತೆಗೆ ಹೆಂಡತಿಯೂ ತಾಯಿಯೂ ಕಾಣಿಸುತ್ತಾರೆ. ನಾವು ಅದನ್ನು ಗಮನಿಸಿ ಓದುವುದಿಲ್ಲ. ವೀರಗಲ್ಲಿನ ಅಧ್ಯಯನ ಎಂದರೆ ವೀರನ ಅಧ್ಯಯನ ಎಂದುಕೊಂಡಿದ್ದೇವೆ. ಕಲ್ಲುಕುಟಿಗನಿಗೆ ಕಾಳು ಅಳೆದು ಕೊಟ್ಟು, ಗಾಡಿ ಹೂಡಿಸಿ ಕಲ್ಲು ತರಿಸಿ, ನೆಟ್ಟು, ಎಣ್ಣೆ ಬಿಟ್ಟವರ ಅಧ್ಯಯನ ಇನ್ನೂ ಆಗಬೇಕಿದೆ.

ಕಲ್ಲಿನ ಮೇಲೆ ಹೆಣ್ಣು ಎದ್ದು ಕಾಣುವುದು ಬೇರೆ ಬಗೆಯಲ್ಲಿ. ಒಂದು ಕಂಬ, ಕಂಬದಿಂದ ಹೊರಟ ತೋಳು, ಮೊಣಕೈಯಿಂದ ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ. ಅದು ಮಾಸ್ತಿಗಲ್ಲು. ಗಂಡ ಯುದ್ಧದಲ್ಲಿ ಸತ್ತ, ಹೆಂಡತಿ ಬೆಂಕಿ ಹೊಕ್ಕಳು. 1057ರ ಬೆಳತೂರಿನ ಶಾಸನದ ದೇಕಬ್ಬೆಯ ಕಥೆ ಇವುಗಳಲ್ಲೆಲ್ಲ ಹೆಚ್ಚು ಓದಿಸಿಕೊಂಡದ್ದು. ಅವಳ ಗಂಡ ಸತ್ತದ್ದು ರಣದಲ್ಲೂ ಅಲ್ಲ. ದಾಯಾದಿಯನ್ನು ಮಲ್ಲಯುದ್ಧದಲ್ಲಿ ಕೊಂದದ್ದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆ ಹೊಂದಿದವನು. ಹೆತ್ತವರು ಬೇಡವೆಂದು ತಡೆದರೂ ದೇಕಬ್ಬೆ ಕೇಳಲಿಲ್ಲವೆಂದು ಶಾಸನ ಹೇಳುತ್ತದೆ. ಕಾವ್ಯವಾಗಿ ಅದು ದೊಡ್ಡದು, ಒಪ್ಪುತ್ತೇನೆ. ಆದರೆ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ತಡೆದ ಆ ಹೆತ್ತವರ ಬಳಿ. ನೆನೆಯಬೇಕಾದವಳೇ ನೆನಪಿನ ಕಲ್ಲಾಗಿಬಿಟ್ಟರೆ ಸತ್ತವನ ಕಥೆ ಹೇಳಲು ಉಳಿಯುವವರು ಯಾರು? ಮಾಸ್ತಿಗಲ್ಲನ್ನು ಪೂಜಿಸುವ ನಮ್ಮ ಊರುಗಳು ಆ ಹೆಣ್ಣಿನ ಸಾವನ್ನು ದೊಡ್ಡದು ಮಾಡಿ ಅವಳ ನೆನಪಿನ ಹಕ್ಕನ್ನು ಕಿತ್ತುಕೊಂಡವು. ಶ್ರವಣಬೆಳಗೊಳದ ಸಾವಿಯಬ್ಬೆ ಮಾತ್ರ ಬೇರೆ ದಾರಿ ಹಿಡಿದಳು. ಗಂಡನ ಜೊತೆ ಯುದ್ಧಕ್ಕೆ ಹೋಗಿ, ಕುದುರೆಯ ಮೇಲಿಂದ ಕಾದಿ, ತಾನೇ ವೀರಳಾಗಿ ಸತ್ತಳು. ಅಂಥವಳು ಒಬ್ಬಳೋ ಇಬ್ಬರೋ.

ಈ ವಿಷಯದಲ್ಲಿ ಕನ್ನಡನಾಡು ಕೊಡಬಹುದಾದ ದೊಡ್ಡ ಉದಾಹರಣೆ ಇಬ್ಬರು ಅಕ್ಕತಂಗಿಯರದು. ಸೇನಾನಿ ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರನ್ನೂ ದಂಡನಾಯಕ ನಾಗದೇವನಿಗೆ ಕೊಟ್ಟಿತ್ತು. ಅದು ರಾಷ್ಟ್ರಕೂಟರ ಆಳ್ವಿಕೆ ಕುಸಿದು, 973ರಲ್ಲಿ ಚಾಲುಕ್ಯ ತೈಲಪ ಅಧಿಕಾರ ಹಿಡಿದ ನಂತರದ ಕಾಲ. ನಿನ್ನೆ ಒಂದೇ ಒಡೆಯನಿಗೆ ತಲೆಬಾಗಿದ್ದ ಮನೆತನಗಳು ಇಂದು ಬೇರೆ ಬೇರೆ ಪಾಳೆಯದಲ್ಲಿದ್ದವು. ನಾಗದೇವ ಹರೆಯದಲ್ಲೇ ತೀರಿಕೊಂಡ. ತಂಗಿ ಗುಂಡಮಬ್ಬೆ ಅವನೊಡನೆ ಸತ್ತಳು. ಮಗ ಅಣ್ಣಿಗ ಇನ್ನೂ ಚಿಕ್ಕವನು, ಅತ್ತಿಮಬ್ಬೆ ಉಳಿದಳು. ಉಳಿದವಳು ಏನು ಮಾಡಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯ ಹೆಮ್ಮೆ. ಪೊನ್ನನ ಶಾಂತಿಪುರಾಣಕ್ಕೆ 1000 ಓಲೆಯ ಪ್ರತಿ ಮಾಡಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಸೈನಿಕನ ಹೆಂಡತಿ ಗಂಡನ ನೆನಪನ್ನು ಕತ್ತಿ ಹಿಡಿದ ಗಂಡಸಿನ ಚಿತ್ರವಾಗಿ ನಿಲ್ಲಿಸದೆ, ಊರೂರಿಗೆ ಓದಲು ಸಿಗುವ ಪುಸ್ತಕವಾಗಿ ಮಾಡಿದಳು. ಒಂದೇ ಮನೆ, ಒಂದೇ ಸಾವು. ಅದಕ್ಕೆ ಇಬ್ಬರು ಹೆಣ್ಣುಮಕ್ಕಳು ಎರಡು ಬಗೆಯ ಉತ್ತರ ಕೊಟ್ಟರು. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಕರೆದು ನಾವು ಕೈಮುಗಿಯುತ್ತೇವೆ. ಅವಳು ಯುದ್ಧಕಾಲದ ಒಬ್ಬ ವಿಧವೆ ಎಂಬುದನ್ನೂ, ಉಳಿಯುವುದೇ ಒಂದು ನಿರ್ಧಾರವಾಗಿದ್ದ ಕಾಲದಲ್ಲಿ ಉಳಿದವಳು ಎಂಬುದನ್ನೂ ಅಷ್ಟಾಗಿ ಹೇಳುವುದಿಲ್ಲ.

ಎದುರು ಸಾಲಿನವನಿಗೆ ನೀರು ಬಿಡುವ ಮಾತು ಬಂದರೆ ವ್ಯಾಸಭಾರತದ ಸ್ತ್ರೀಪರ್ವಕ್ಕೆ ಹೋಗಬೇಕು. ಹದಿನೆಂಟು ದಿನದ ದಾಯಾದಿ ಯುದ್ಧ ಮುಗಿದಿದೆ. ಹಸ್ತಿನಾವತಿಯ ಹೆಂಗಸರು ತಲೆಗೆದರಿಕೊಂಡು ಕುರುಕ್ಷೇತ್ರಕ್ಕೆ ಬರುತ್ತಾರೆ. ಗಂಡನ ಮುಂಡ ಒಂದೆಡೆ, ರುಂಡ ಒಂದೆಡೆ ಹುಡುಕುತ್ತಾರೆ. ಗಾಂಧಾರಿ ತನ್ನ ಮಕ್ಕಳಿಗಾಗಿಯಷ್ಟೇ ಅಳುವುದಿಲ್ಲ. ಅಭಿಮನ್ಯುವಿನ ಹೆಣದ ಬಳಿ ಕುಳಿತ ಉತ್ತರೆಯನ್ನೂ ಕೃಷ್ಣನಿಗೆ ತೋರಿಸಿ ಮರುಗುತ್ತಾಳೆ. ಯುಧಿಷ್ಠಿರ ಎರಡೂ ಕಡೆಯವರ ಶವಗಳಿಗೆ ಸಂಸ್ಕಾರ ಮಾಡಿಸುತ್ತಾನೆ. ಆಮೇಲೆ ಗಂಗೆಯ ದಡದಲ್ಲಿ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಡುತ್ತಾಳೆ: ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ. ಗೆದ್ದವನ ಕೈಯಲ್ಲಿ ಸೋತ ಸೇನಾಪತಿಗೆ ನೀರು ಬಿಡಿಸಿದ್ದು ಒಬ್ಬ ತಾಯಿಯ ಮಾತು. ಅದಕ್ಕೆ ಅವಳಿಗೆ ಸಿಕ್ಕ ಪ್ರತಿಫಲವೆಂದರೆ ಮಗನ ಕೋಪ. ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಯುಧಿಷ್ಠಿರ ಶಪಿಸಿದನೆಂದು ಮುಂದೆ ಶಾಂತಿಪರ್ವದಲ್ಲಿ ಬರುತ್ತದೆ. ಆ ಶಾಪವನ್ನು ಇಂದಿಗೂ ಹೆಂಗಸರನ್ನು ಹಳಿಯಲು ಬಳಸುತ್ತಾರೆ. ಕುಂತಿಯ ಆ ಮಾತಿನಿಂದ ಕರ್ಣನಿಗೆ ತರ್ಪಣ ಸಿಕ್ಕಿತು ಎಂಬುದನ್ನು ನೆನೆಯುವವರು ಕಡಿಮೆ.

ಇನ್ನು ನಮ್ಮ ಸೀಮೆಯ ಅಂತರ್ಯುದ್ಧಕ್ಕೆ ಬರುತ್ತೇನೆ. 1830–31ರ ನಗರ (ಬಿದನೂರು) ಸೀಮೆಯ ದಂಗೆಯನ್ನು ಅಂತರ್ಯುದ್ಧ ಎಂದು ಪಠ್ಯಪುಸ್ತಕಗಳು ಕರೆಯುವುದಿಲ್ಲ, ಆದರೆ ಅದು ಅದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಅಮಲ್ದಾರರು ಇಷ್ಟು ಹಣ ಒಪ್ಪಿಸುತ್ತೇವೆಂದು ಶರತ್ತು ಬರೆದುಕೊಟ್ಟು ಬಂದು, ರೈತರಿಂದ ಅದಕ್ಕೂ ಮಿಗಿಲಾಗಿ ಹಿಂಡುತ್ತಿದ್ದರು. ಬಸವಾಪಟ್ಟಣ, ಹೊನ್ನಾಳಿಯ ಸುತ್ತಿನ ರೈತರು ಕೂಟ ಕಟ್ಟಿದರು, ಊರಿಂದೂರಿಗೆ ಓಲೆ ಹೋಯಿತು, ಕಂದಾಯ ನಿಂತಿತು. ಕೆಳದಿಯ ಗದ್ದುಗೆ ತನ್ನದೆಂದು ಬೂದಿ ಬಸವಪ್ಪ ಎದ್ದ, ತರೀಕೆರೆಯ ಪಾಳೆಯಗಾರರ ಮನೆತನ ಅವನ ಜೊತೆ ನಿಂತಿತು. ಅತ್ತ ಮೈಸೂರಿನ ಸವಾರರು, ಇತ್ತ ಮೈಸೂರಿನ ಪ್ರಜೆಗಳು. ಕೊನೆಗೆ ಕಂಪನಿಯ ಪಡೆಯೂ ಬಂತು. ಹಳ್ಳಿಗಳು ಸುಟ್ಟವು, ಸಿಕ್ಕವರನ್ನು ಗಲ್ಲಿಗೇರಿಸಿದರು, ಮೂಗು ಕಿವಿ ಕೊಯ್ದರು. 1831ರ ಜೂನ್‌ನಲ್ಲಿ ನಗರದ ಕೋಟೆ ಬಿತ್ತು. ಅಕ್ಟೋಬರ್‌ನಲ್ಲಿ ಬ್ರಿಟಿಷರು ಅರಸರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ಅದು ಮೈಸೂರಿಗೆ ಮರಳಿದ್ದು 50 ವರ್ಷದ ಮೇಲೆ, 1881ರಲ್ಲಿ.

ಈ ದಂಗೆಯ ಮೇಲೆ ಕಂಪನಿ ಸರ್ಕಾರ ಸಮಿತಿ ನೇಮಿಸಿತು. 1833ರಲ್ಲಿ ವರದಿ ಬಂತು. ಅದರ ಮೇಲೆ ಚರಿತ್ರೆಯ ಪುಸ್ತಕಗಳು ಬಂದವು. ಅವುಗಳಲ್ಲಿ ಫೌಜುದಾರ, ದಿವಾನ, ರೆಸಿಡೆಂಟ್, ಪಾಳೆಯಗಾರ ಎಲ್ಲರ ಹೆಸರೂ ಇದೆ. ಕೂಟಕ್ಕೆ ಹೋಗಿ ಮರಳದ ರೈತನ ಹೆಸರು, ಅವನನ್ನು ಕೊಲ್ಲಲು ಹೋಗಿ ತಾನೂ ಸತ್ತ ಮೈಸೂರು ಸವಾರನ ಹೆಸರು ಅಲ್ಲಿ ಸಿಗುವುದಿಲ್ಲ. ಹನ್ನೆರಡನೇ ಶತಮಾನದಲ್ಲಿ ಹತ್ತು ದನ ಬಿಡಿಸಲು ಸತ್ತವನಿಗೆ ಕಲ್ಲೂ ಕೊಡಗೆಯೂ ಸಿಕ್ಕಿದ ನಾಡಿನಲ್ಲಿ, ಹತ್ತೊಂಬತ್ತನೇ ಶತಮಾನದ ಈ ಸಾವುಗಳಿಗೆ ಅದು ಒದಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದಂಗೆಗೆ ಹೋದವನ ಹೆಸರು ಹೇಳಿದರೆ ಉಳಿದ ಗಂಡಸರಿಗೂ ಹೊಲಕ್ಕೂ ಅಪಾಯ. ಕಲ್ಲು ನಿಲ್ಲಿಸುವುದು ಎಲ್ಲರ ಕಣ್ಣಿಗೆ ಬೀಳುವ ಕೆಲಸ. ಅಂಥ ನೆನಪು ಮನೆಯೊಳಕ್ಕೆ ಸರಿಯುತ್ತದೆ. ನಮ್ಮ ಕಡೆ ಹಿರಿಯರ ಹಬ್ಬದ ದಿನ ಬಟ್ಟೆ ಇಟ್ಟು, ಕಡುಬು ಹೋಳಿಗೆಯ ಎಡೆ ಹಾಕುವಾಗ ಎಂದೋ ಸತ್ತವರೆಲ್ಲ ಒಟ್ಟಿಗೆ ಬರುತ್ತಾರೆ. ಆ ಅಡುಗೆ ಹೆಂಗಸರದು, ಯಾರಿಗೆ ಏನು ಇಷ್ಟವಿತ್ತೆಂಬ ನೆನಪೂ ಅವರದೇ. ದಾಖಲೆಯಲ್ಲಿ ಇಲ್ಲದವರು ಉಳಿಯುವುದು ಅಲ್ಲಿ, ಅದೂ ಮೂರು ತಲೆಮಾರಿನವರೆಗೆ.

ಅದೇ 1831ರ ಜನವರಿ 26ರಂದು, ಇದೇ ಬೇಗೆಯ ಇನ್ನೊಂದು ತುದಿಯಲ್ಲಿ, ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಪಡೆ ತಾಲ್ಲೂಕು ಕಚೇರಿಗಳನ್ನು ಸುಟ್ಟದ್ದು ಕಂಪನಿಯ ವಿರುದ್ಧ. ಅವನನ್ನು ಹಿಡಿದುಕೊಟ್ಟವರು ಕನ್ನಡದವರೇ. ನಂದಗಡದ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಂಗಸರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಪ್ರತಿಮೆಗಳು, ಸರ್ಕಾರಿ ಉತ್ಸವ, ರೈಲು ನಿಲ್ದಾಣದ ಹೆಸರು ಎಲ್ಲವೂ ಬಹಳ ಈಚಿನವು. ತೊಟ್ಟಿಲಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಗಲ್ಲಿಗೇರಿದ ‘ಬಂಡುಕೋರ’ನ ಸಮಾಧಿಗೆ ಹೂ ತಂದರೆ ಅಧಿಕಾರಿಗೆ ಅನುಮಾನ ಬರಬಹುದು, ಮಗು ಬೇಡಿಕೊಳ್ಳಲು ಬಂದ ಹೆಣ್ಣನ್ನು ಯಾವ ದಫೇದಾರ ತಡೆದಾನು? ನಿರಪಾಯ ಎಂದು ತೋರುವುದೇ ಹೆಂಗಸರ ಸ್ಮರಣೆಯ ಬಲ. ಅಪಾಯವೂ ಅಲ್ಲೇ ಇದೆ ಎಂಬುದಕ್ಕೆ ಅಮೆರಿಕದ ಕಥೆಯನ್ನು ವಿವರವಾಗಿ ನೋಡಬೇಕು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಹಿಂದೆ ಇದ್ದದ್ದು ಗುಲಾಮಗಿರಿ. ದಕ್ಷಿಣ ಸೋತಿತು. ಆಮೇಲೆ ಒಕ್ಕೂಟ ಸರ್ಕಾರ ಉತ್ತರದ ಸುಮಾರು 3 ಲಕ್ಷ ಸೈನಿಕರ ಅವಶೇಷಗಳನ್ನು ಹೊಲ, ಕಾಡು, ರಸ್ತೆಬದಿಗಳಿಂದ ಹುಡುಕಿ ತೆಗೆದು ರಾಷ್ಟ್ರೀಯ ಸ್ಮಶಾನಗಳಲ್ಲಿ ಮಲಗಿಸಿತು. ದಕ್ಷಿಣದವರ ಹೆಣಗಳನ್ನು ಮುಟ್ಟಲಿಲ್ಲ, ಅವರು ದ್ರೋಹಿಗಳು. ಆಗ ದಕ್ಷಿಣದ ಊರೂರಿನಲ್ಲಿ ಹೆಂಗಸರು ಸ್ಮಾರಕ ಸಂಘ ಕಟ್ಟಿದರು. ಯುದ್ಧದ ಸಮಯದಲ್ಲಿ ಗಾಯಾಳುಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದ ಕೂಟಗಳೇ ಈಗ ಹೆಣ ಹೂಳುವ ಕೂಟಗಳಾದವು. ವರ್ಜೀನಿಯಾದ ವಿಂಚೆಸ್ಟರ್‌ನಲ್ಲಿ ರೈತರ ನೇಗಿಲಿಗೆ ಮೂಳೆ ಸಿಗುತ್ತಿದ್ದವು. ಅಲ್ಲಿನ ಹೆಂಗಸರು ಅವನ್ನೆಲ್ಲ ಆಯಿಸಿ 1866ರಲ್ಲಿ ಸ್ಮಶಾನ ಮಾಡಿಸಿದರು. ರಿಚ್ಮಂಡ್‌ನ ಹೆಂಗಸರು ಹಾಲಿವುಡ್ ಸ್ಮಶಾನದಲ್ಲಿ 90 ಅಡಿ ಎತ್ತರದ ಕಲ್ಲಿನ ಪಿರಮಿಡ್ ಎತ್ತಿಸಿದರು. ಗೆಟಿಸ್‌ಬರ್ಗ್‌ನಲ್ಲಿ ಉಳಿದಿದ್ದ ತಮ್ಮವರ ಮೂಳೆಗಳನ್ನು 1870ರ ದಶಕದಲ್ಲಿ ಪೆಟ್ಟಿಗೆಗಳಲ್ಲಿ ತರಿಸಿಕೊಂಡರು. ಗಂಡಸರು ಇದನ್ನೇ ಮಾಡಿದ್ದರೆ ಮತ್ತೊಂದು ಬಂಡಾಯವೆಂದು ಸೇನೆ ಬಂದು ಚದುರಿಸುತ್ತಿತ್ತು. ಹೆಂಗಸರು ಅತ್ತರೆ ಅದು ರಾಜಕೀಯವಲ್ಲ ಎಂದು ಆಳುವವರು ನಂಬಿದ್ದರು. ಚರಿತ್ರಕಾರ್ತಿ ಕ್ಯಾರೊಲಿನ್ ಜಾನಿ ಈ ಸಂಘಗಳ ಬಗ್ಗೆ ಬರೆದ ಪುಸ್ತಕ ತೋರಿಸುವುದು ಇದನ್ನೇ: ಆ ನಂಬಿಕೆಯ ನೆರಳಿನಲ್ಲಿ ಸೋತ ಪಕ್ಷದ ರಾಜಕೀಯ ಉಸಿರಾಡಿತು.

ಮೊದಲ ವರ್ಷಗಳಲ್ಲಿ ಎರಡು ದಾರಿಯೂ ತೆರೆದಿದ್ದವು. 1866ರ ಏಪ್ರಿಲ್ 25ರಂದು ಮಿಸಿಸಿಪಿಯ ಕೊಲಂಬಸ್ ಎಂಬ ಊರಿನ ಹೆಂಗಸರು ತಮ್ಮವರ ಗೋರಿಗಳಿಗೆ ಹೂ ಇಟ್ಟು, ಅದೇ ಸ್ಮಶಾನದಲ್ಲಿದ್ದ ಉತ್ತರದ ಸೈನಿಕರ ಗೋರಿಗಳಿಗೂ ಇಟ್ಟರು. ಸುದ್ದಿ ಪತ್ರಿಕೆಗಳಲ್ಲಿ ಹರಡಿ, ನ್ಯೂಯಾರ್ಕ್‌ನ ವಕೀಲ ಫ್ರಾನ್ಸಿಸ್ ಮೈಲ್ಸ್ ಫಿಂಚ್ ಅದರ ಮೇಲೆ ಕವಿತೆ ಬರೆದ. ಅದಕ್ಕೂ ಒಂದು ವರ್ಷ ಮೊದಲು, 1865ರ ಮೇ 1ರಂದು, ಚಾರ್ಲ್ಸ್‌ಟನ್‌ನಲ್ಲಿ ಗುಲಾಮಗಿರಿಯಿಂದ ಆಗತಾನೇ ಬಿಡುಗಡೆಯಾದ ಕಪ್ಪು ಜನ, ಕುದುರೆ ಜೂಜಿನ ಮೈದಾನದಲ್ಲಿ ಸೆರೆಯಾಗಿ ಸತ್ತಿದ್ದ 257 ಉತ್ತರದ ಸೈನಿಕರನ್ನು ಮರಳಿ ಕ್ರಮವಾಗಿ ಹೂಳಿ, ಬೇಲಿ ಹಾಕಿ, ಸಾವಿರಾರು ಮಂದಿ ಮೆರವಣಿಗೆ ಬಂದು ಹೂವಿನಿಂದ ನೆಲ ಮುಚ್ಚಿದ್ದರು. ಮುಂದೆ ಇದ್ದವರು ಶಾಲೆಯ ಮಕ್ಕಳು, ಅವರ ಹಿಂದೆ ಬುಟ್ಟಿಗಳಲ್ಲಿ ಹೂ ಹೊತ್ತ ಹೆಂಗಸರು. ಈ ದಿನವನ್ನು ಅಮೆರಿಕ ನೂರಕ್ಕೂ ಹೆಚ್ಚು ವರ್ಷ ಮರೆತಿತ್ತು. ಚರಿತ್ರಕಾರ ಡೇವಿಡ್ ಬ್ಲೈಟ್ ಹಳೆಯ ಕಾಗದಗಳಿಂದ ಹೊರತೆಗೆಯಬೇಕಾಯಿತು. ಮರೆವು ತಾನಾಗಿ ಬಂದದ್ದಲ್ಲ. ಸಂಘಟಿತ ಬಿಳಿಯ ಹೆಂಗಸರ ಸ್ಮರಣೆಯ ಗದ್ದಲದಲ್ಲಿ ಕಪ್ಪು ಹೆಂಗಸರ ಸ್ಮರಣೆಗೆ ಜಾಗ ಉಳಿಯಲಿಲ್ಲ.

1894ರ ಸೆಪ್ಟೆಂಬರ್ 10ರಂದು ನ್ಯಾಶ್‌ವಿಲ್‌ನಲ್ಲಿ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಎಂಬ ದಕ್ಷಿಣದ ಹೆಂಗಸರ ಸಂಘ ಹುಟ್ಟಿತು. ಸತ್ತವರ ಹೆಂಡಿರ ಕಾಲ ಮುಗಿದು ಹೆಣ್ಣುಮಕ್ಕಳ ಕಾಲ ಬಂದಿತ್ತು. ಸ್ಮಶಾನದಲ್ಲಿದ್ದ ಕಲ್ಲುಗಳು ನ್ಯಾಯಾಲಯದ ಅಂಗಳಕ್ಕೆ ಬಂದವು. ಗೋರಿಯ ಮೇಲಿನ ಕಲ್ಲು ಸತ್ತವನ ಬಗ್ಗೆ ಮಾತಾಡುತ್ತದೆ. ನ್ಯಾಯಾಲಯದ ಮುಂದಿನ ಸೈನಿಕನ ಪ್ರತಿಮೆ, ನ್ಯಾಯ ಕೇಳಿ ಮೆಟ್ಟಿಲು ಹತ್ತುವ ಕಪ್ಪು ಮನುಷ್ಯನ ಬಗ್ಗೆ ಮಾತಾಡುತ್ತದೆ. ಸಂಘ ಶಾಲಾ ಪುಸ್ತಕಗಳಿಗೂ ಕೈ ಹಾಕಿತು. ಅದರ ಚರಿತ್ರೆ ವಿಭಾಗದ ಮಿಲ್‌ಡ್ರೆಡ್ ರುದರ್‌ಫರ್ಡ್, ಯುದ್ಧಕ್ಕೆ ಗುಲಾಮಗಿರಿ ಕಾರಣ ಎನ್ನುವ, ಒಡೆಯರನ್ನು ಕ್ರೂರಿಗಳೆನ್ನುವ ಪುಸ್ತಕಗಳನ್ನು ತಿರಸ್ಕರಿಸಬೇಕೆಂದು ಅಳತೆಯ ಪಟ್ಟಿಯನ್ನೇ ಸಿದ್ಧಮಾಡಿದಳು. 1914ರಲ್ಲಿ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲೇ ಈ ಸಂಘದ ಸ್ಮಾರಕ ನಿಂತಿತು. ಅದನ್ನು ತೆಗೆದದ್ದು 2023ರ ಡಿಸೆಂಬರ್‌ನಲ್ಲಿ. ತಾಯಿಯ ಅಳು ಮಗಳ ಕೈಯಲ್ಲಿ ಆಯುಧವಾಯಿತು. ಇದನ್ನು ಹೇಳುವಾಗ ನನಗೆ ಆ ಮೊದಲ ಹೆಂಗಸರ ಮೇಲೆ ಸಿಟ್ಟು ಬರುವುದಿಲ್ಲ. ನೇಗಿಲಿಗೆ ಸಿಕ್ಕ ಮೂಳೆಯನ್ನು ಮಣ್ಣು ಮಾಡಿದವಳು ಮಾಡಿದ್ದು ಮನುಷ್ಯರು ಮಾಡಬೇಕಾದ ಕೆಲಸ. ಸತ್ತವನು ಯಾರೆಂದು ಹೇಳುವುದನ್ನು ಬಿಟ್ಟು, ಅವನು ಸತ್ತ ಕಾರಣವೂ ಪವಿತ್ರ ಎಂದು ಹೇಳಲು ಹೊರಟಾಗ ದಾರಿ ಕವಲೊಡೆಯಿತು.

ಇದಕ್ಕೆ ಎದುರಾಗಿ ನಮ್ಮ ಹಳ್ಳಿಗಳ ಮೊಹರಂ ಇದೆ. 680ರ ಅಕ್ಟೋಬರ್‌ನಲ್ಲಿ ಕರ್ಬಲಾದಲ್ಲಿ ನಡೆದದ್ದೂ ಒಂದೇ ಧರ್ಮದವರ ಒಳಗಿನ ಯುದ್ಧ. ಹುಸೇನರೂ ಅವರ ಸಂಗಡಿಗರೂ ಮಡಿದ ಮೇಲೆ ಸೆರೆಯಾಗಿ ಕೂಫಾಕ್ಕೂ ಡಮಾಸ್ಕಸ್ಸಿಗೂ ನಡೆದವರು ಹೆಂಗಸರು, ಮಕ್ಕಳು. ಹುಸೇನರ ತಂಗಿ ಜೈನಬ್, ಗೆದ್ದ ಪಕ್ಷದ ಖಲೀಫ ಯಜೀದನ ಆಸ್ಥಾನದಲ್ಲೇ ನಿಂತು ಸತ್ತವರ ಪರವಾಗಿ ಮಾತಾಡಿದರು. ಮೊದಲ ಶೋಕಸಭೆ ಅವರಿಂದಲೇ ನಡೆಯಿತೆಂದು ಪರಂಪರೆ ಹೇಳುತ್ತದೆ. ಆ ಶೋಕ 13 ಶತಮಾನ ದಾಟಿ ಮಧ್ಯ ಕರ್ನಾಟಕ, ಉತ್ತರ ಕರ್ನಾಟಕದ ಹಳ್ಳಿಗೆ ಬಂದು ಕನ್ನಡದ ರಿವಾಯತ ಪದವಾಯಿತು, ಅಲಾಯಿ ಕುಣಿತವಾಯಿತು, ಚೊಂಗೆಯ ನೈವೇದ್ಯವಾಯಿತು. ಮುಸ್ಲಿಂ ಮನೆಯೇ ಇಲ್ಲದ ಊರಿನಲ್ಲೂ ಒಕ್ಕಲಗಿತ್ತಿಯರು ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ, ಹರಕೆ ಹೊರುತ್ತಾರೆ. ಸತ್ತವರು ತಮ್ಮ ಜಾತಿಯಲ್ಲ, ಧರ್ಮವಲ್ಲ, ದೇಶವಲ್ಲ. ಪರರ ಮಗನಿಗೆ ತಮ್ಮ ಮಗನಿಗೆಂಬಂತೆ ಮರುಗುವ ಈ ಬಗೆಯನ್ನು ನಮ್ಮ ಹೆಂಗಸರು ಯಾರಿಂದಲೂ ಹೇಳಿಸಿಕೊಂಡು ಕಲಿತದ್ದಲ್ಲ. ಈಗ ಎರಡೂ ಕಡೆಯ ಶುದ್ಧಿವಾದಿಗಳು ಇದನ್ನು ಬೇಡ ಎನ್ನುತ್ತಿದ್ದಾರೆ. ಅವರ ಮಾತು ಗೆದ್ದರೆ ನಾವು ಕಳೆದುಕೊಳ್ಳುವುದು ಹಬ್ಬವೊಂದನ್ನಷ್ಟೇ ಅಲ್ಲ.

ನೆರೆಯ ಶ್ರೀಲಂಕಾದಲ್ಲಿ 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಗೆದ್ದ ಸೇನೆಗೆ ಸ್ಮಾರಕಗಳಾದವು. ತಮಿಳು ಹೋರಾಟಗಾರರ ಸ್ಮಶಾನಗಳನ್ನು ಬುಲ್ಡೋಜರ್ ಹಾಕಿ ನೆಲಸಮ ಮಾಡಿದರು. ಯಾಳ್ಪಾಣದ (ಜಾಫ್ನಾ) ಕೋಪಾಯಿಯಲ್ಲಿ ಆ ನೆಲದ ಮೇಲೆ ಸೇನೆಯ ಕಚೇರಿಯೇ ಎದ್ದಿತು. ಅದೇ ದೇಶದಲ್ಲಿ, ಎರಡು ಬಾರಿ ಬಂದೂಕು ಹಿಡಿದು ಬಂಡೆದ್ದ ಸಿಂಹಳ ಎಡಪಕ್ಷ ಜೆವಿಪಿ ತನ್ನ ಸತ್ತವರನ್ನು ಪ್ರತಿ ನವೆಂಬರ್‌ನಲ್ಲಿ ಬಹಿರಂಗವಾಗಿ ನೆನೆಯುತ್ತ ಬಂದಿದೆ. ಸೋತ ತಮಿಳರ ಹೆಂಗಸರಿಗೆ ಉಳಿದದ್ದು ಗಂಜಿ. ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಸಿಕ್ಕಿಬಿದ್ದವರು ಕುಡಿದು ಬದುಕಿದ ಉಪ್ಪುಗಂಜಿಯನ್ನು ಮೇ ತಿಂಗಳಲ್ಲಿ ಬೀದಿಯಲ್ಲಿ ಕಾಯಿಸಿ ಹಂಚುತ್ತಾರೆ. 2024ರ ಮೇನಲ್ಲಿ ತ್ರಿಕೋನಮಲೆಯ ಸಂಪೂರಿನಲ್ಲಿ ಹಾಗೆ ಹಂಚಿದ್ದಕ್ಕೆ ಪೊಲೀಸರು ಹೆಂಗಸರನ್ನು ಬಂಧಿಸಿದರು. ಹೆಂಗಸರ ಅಳು ರಾಜಕೀಯವಲ್ಲ ಎಂಬ ಹಳೆಯ ನಂಬಿಕೆ ಸರ್ಕಾರಗಳಿಗೆ ಈಗ ಉಳಿದಿಲ್ಲ. ಸ್ಪೇನಿನಲ್ಲಿ 1936ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಫ್ರಾಂಕೋನ ಕಡೆಯವರು ಗುಂಡಿಕ್ಕಿ ಹೂತವರ ವಿಧವೆಯರು ಲಾ ಬರ್ರಾಂಕಾ ಎಂಬಲ್ಲಿ ಕಪ್ಪು ಬಟ್ಟೆ ತೊಟ್ಟು ವರ್ಷ ವರ್ಷ ಆ ಗುಂಡಿಯ ಬಳಿ ಬರುತ್ತಲೇ ಇದ್ದರು. ಫ್ರಾಂಕೋ ಸತ್ತ ಮೇಲೆ, 1979ರಲ್ಲಿ, ಅದು ಗೌರವದ ಸ್ಮಶಾನವಾಯಿತು. ಆ ಹೆಂಗಸರು ಬರದೇ ಹೋಗಿದ್ದರೆ ಗುಂಡಿ ಎಲ್ಲಿದೆ ಎಂಬುದೇ ಅಳಿಸಿಹೋಗುತ್ತಿತ್ತು.

ಶ್ರೀಲಂಕಾದ ಯುದ್ಧದಲ್ಲಿ ನಮ್ಮವರೂ ಸತ್ತರು. 1987ರಿಂದ 1990ರವರೆಗೆ ಅಲ್ಲಿಗೆ ಹೋದ ಶಾಂತಿಪಾಲನಾ ಪಡೆಯ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಮರಳಲಿಲ್ಲ. ಅವರಿಗೆ ಕೊಲಂಬೊ ಬಳಿ 2008ರಲ್ಲಿ ಸ್ಮಾರಕ ಸಿದ್ಧವಾಯಿತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು 2019ರಲ್ಲಿ. ಪರರ ಅಂತರ್ಯುದ್ಧದಲ್ಲಿ, ಯಾರೂ ಗೆಲ್ಲದ ಕಾಳಗದಲ್ಲಿ ಸತ್ತವನ ಹೆಂಡತಿ ಇಷ್ಟು ವರ್ಷ ಗಂಡನ ಫೋಟೊವನ್ನು ತನ್ನ ಮನೆಯ ಗೋಡೆಗೆ ಮಾತ್ರ ಹಾಕಿಕೊಂಡಿದ್ದಳು. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿದ ಭಾರೀ ಏಕಶಿಲೆಗೆ ವೀರಗಲ್ಲು ಎಂಬ ನಮ್ಮ ಹಳೆಯ ಹೆಸರನ್ನೇ ಇಟ್ಟಿರುವುದು ಸರಿಯಾಗಿದೆ. ಆದರೆ ಹಳೆಯ ವೀರಗಲ್ಲನ್ನು ಊರವರು, ಮನೆಯವರು ನಿಲ್ಲಿಸುತ್ತಿದ್ದರು. ಈಗ ಸರ್ಕಾರ ನಿಲ್ಲಿಸುತ್ತದೆ, ವೀರನಾರಿಯನ್ನು ಕರೆದು ಶಾಲು ಹೊದಿಸುತ್ತದೆ. ಅವಳು ಅಲ್ಲಿ ಅತಿಥಿ. ಅವಳಿಗೆ ಮಾತಾಡಲು ಮೈಕು ಕೊಡುವುದು ಅಪರೂಪ. ಕೊಟ್ಟರೂ ಏನು ಹೇಳಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಗಂಡ ಹೇಗಿದ್ದ, ಪಿಂಚಣಿಗೆ ಎಷ್ಟು ಅಲೆದೆ, ಮೈದುನನ ಮನೆಯಲ್ಲಿ ಏನಾಯಿತು ಎಂದು ಅವಳು ಹೇಳಿದರೆ ಆ ಸಭೆ ತಡೆದುಕೊಳ್ಳುತ್ತದೆಯೇ? ನೆತ್ತರುಕೊಡಗೆ ಕೊಟ್ಟ ಕಾಲದವರು ಕಲ್ಲಿನ ಮೇಲೆಯೇ ಭೂಮಿಯ ಅಳತೆಯನ್ನೂ ಬರೆಸುತ್ತಿದ್ದರು. ಗೌರವವನ್ನೂ ಗಂಜಿಯನ್ನೂ ಅವರು ಬೇರೆ ಮಾಡಿರಲಿಲ್ಲ.

ಚನ್ನಗಿರಿ, ಹೊನ್ನಾಳಿಯ ಕಲ್ಲುಗಳ ಪಟ್ಟಿ ಮಾಡಿದ್ದು ನೂರಿಪ್ಪತ್ತು ವರ್ಷದ ಹಿಂದೆ. ಆಮೇಲೆ ಸಂಪುಟಗಳು ಪರಿಷ್ಕಾರಗೊಂಡಿವೆ, ವಿದ್ವಾಂಸರು ಬಿಡಿಬಿಡಿಯಾಗಿ ಹುಡುಕಿದ್ದಾರೆ. ಆದರೆ ಅಕ್ಷರವಿಲ್ಲದ ವೀರಗಲ್ಲು, ಮಾಸ್ತಿಗಲ್ಲುಗಳು ಬದುವಿನಲ್ಲಿ, ಕೆರೆ ಏರಿಯಲ್ಲಿ, ಹನುಮಪ್ಪನ ಗುಡಿಯ ಹಿಂದೆ ಬಿದ್ದಿವೆ. ಅಡಿಕೆ ತೋಟಕ್ಕೆ ನೆಲ ಹಸನು ಮಾಡುವ ಯಂತ್ರದ ಬಾಯಿಗೆ ಸಿಗುತ್ತಿವೆ. ಕೆಲವಕ್ಕೆ ಮಾತ್ರ ಎಣ್ಣೆ, ಅರಿಶಿನ, ಕುಂಕುಮ ಬೀಳುತ್ತಿದೆ, ಅದನ್ನು ಹಚ್ಚುವವರು ಹೆಂಗಸರು. ಯಾವ ಕಲ್ಲು ಎಲ್ಲಿತ್ತು, ಯಾರ ಹೊಲದಿಂದ ಎಲ್ಲಿಗೆ ಸರಿಯಿತು, ಅದಕ್ಕೆ ಯಾವ ಮನೆಯವರು ಎಡೆ ಇಡುತ್ತಿದ್ದರು ಎಂಬುದು ತಿಳಿದಿರುವುದು ಅವರಿಗೆ. ಸ್ತ್ರೀಶಕ್ತಿ ಗುಂಪುಗಳು ಈಗ ಊರೂರಿಗೆ ಇವೆ. ವಾರವಾರ ಸೇರಿ ಲೆಕ್ಕ ಬರೆಯುವ ಅಭ್ಯಾಸವಿದೆ. ಕೆರೆಬಿಳಚಿಯಿಂದ ಜಗಳೂರಿನವರೆಗೆ ಈ ಗುಂಪುಗಳ ಕೈಯಲ್ಲೇ ಕಲ್ಲುಗಳ ಪುಸ್ತಕವೊಂದನ್ನು ಬರೆಸಬಹುದು. ತಾಲ್ಲೂಕು ಆಡಳಿತವೂ ಪುರಾತತ್ವ ಇಲಾಖೆಯೂ ಒಬ್ಬ ಶಾಸನ ಬಲ್ಲವರನ್ನು, ಒಂದು ಕ್ಯಾಮೆರಾವನ್ನು ಜೊತೆಗೆ ಕೊಟ್ಟರೆ ಸಾಕು. ಅಲಾಯಿ ಇಡುವ ಜಾಗ, ದಂಗೆಯ ಕಾಲದಲ್ಲಿ ಸತ್ತರೆಂದು ಮನೆಗಳಲ್ಲಿ ಹೇಳುವ ಹಿರಿಯರ ಹೆಸರು, ದಂಡಿಗೆ ಹೋಗಿ ಮರಳದ ಸೈನಿಕರ ಹೆಸರು, ಅವರು ಯಾರ ಪರವಾಗಿದ್ದರೂ ಸರಿ, ಅದೇ ಪುಸ್ತಕದಲ್ಲಿ ಸೇರಬೇಕು. ಊರು, ಹೊಲದ ಸರ್ವೆ ನಂಬರು, ಕಲ್ಲಿನ ಅಳತೆ, ಕೆತ್ತನೆ ಎಂದು ಕಲಮು ಹಾಕುವಾಗ, ಕಲ್ಲು ನಿಲ್ಲಿಸಿದವರು ಯಾರು, ಈಗ ಅದಕ್ಕೆ ಎಣ್ಣೆ ಹಚ್ಚುವವರು ಯಾರು ಎಂಬ ಎರಡು ಕಲಮುಗಳನ್ನೂ ಬಿಡದೆ ಹಾಕಬೇಕು.